ಮನೆಯಲ್ಲಿ ರೇಖಾಚಿತ್ರಗಳನ್ನು ಸ್ಕ್ಯಾನ್ ಮಾಡುವಾಗ ಫೈಲ್ ಗಾತ್ರ ಇಳಿಸುವುದು ಹೇಗೆ?

ವರದಾತೀರ (ಸಾಗರ) ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರಾಗಿದ್ದವರು. ಅವರು ಬಿಡಿಸಿದ ಚಿತ್ರಗಳು ಅಟ್ಟದ ಮೇಲಿನ ಟ್ರಂಕಿನಲ್ಲಿ ಕಟ್ಟುಕಟ್ಟಾಗಿ ಉಳಿದಿದ್ದು, ಬೂಷ್ಟು ಹಿಡಿದು ಹಾಳಾಗುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿಡಬೇಕೆಂದು ಮನೆಯಲ್ಲಿ ತೀರ್ಮಾನವಾಗಿದೆ. ಅವುಗಳಲ್ಲಿ ಹಲವು ಬಗೆಗಳಿವೆ. ಇಕ್ಕೇರಿಯ ದೇವಸ್ಥಾನದ ಕಂಬಗಳು, ಕೆಳದಿಯ ಗಂಡಭೇರುಂಡ ಮೊದಲಾದವು ಇಂಡಿಯನ್ ಇಂಕಿನಲ್ಲಿ ಬಿಡಿಸಿದ ಅಪ್ಪಟ ಗೆರೆಯ ಚಿತ್ರಗಳು. ಕೆಲವು ಪೆನ್ಸಿಲ್ ಶೇಡಿಂಗ್ ಮಾಡಿದವು. ಹಸೆ ಚಿತ್ತಾರದ ಮಾದರಿಗಳನ್ನು ದಪ್ಪ ಹಾಳೆಗೆ ಕೆಮ್ಮಣ್ಣು ಬಳಿದು ಬಿಳಿ ಬಣ್ಣದಲ್ಲಿ ಬರೆದಿದ್ದಾರೆ. ಇವಲ್ಲದೆ ನಮ್ಮ ಹಳೆಯ ತೊಟ್ಟಿಮನೆಯ ಅಳತೆಯ ನಕ್ಷೆಗಳ ಅಮೋನಿಯಾ ಪ್ರಿಂಟುಗಳೂ (ಅಮೋನಿಯಾದ ಹಬೆಯಿಂದ ಮೂಡಿಸಿದ ನಕಲುಗಳು) ಇವೆ.

ನಮ್ಮಲ್ಲಿರುವುದು ಪ್ರಿಂಟರಿನೊಂದಿಗೇ ಬರುವ ಸಾಧಾರಣ ಎ4 ಸ್ಕ್ಯಾನರ್. ಅದು ತಾನಾಗಿ ಆಯ್ದುಕೊಳ್ಳುವುದು 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ), ಕಲರ್ ಮತ್ತು ಪಿಡಿಎಫ್. ಹೀಗೆ ಮಾಡಿದರೆ ಒಂದೊಂದು ಹಾಳೆಯೂ 20ರಿಂದ 30 ಎಂಬಿ ಆಗುತ್ತಿದೆ. ಜಿಪ್ ಮಾಡಿ ನೋಡಿದರೆ ಹೇಳಿಕೊಳ್ಳುವಷ್ಟೇನೂ ಇಳಿಯುವುದಿಲ್ಲ. ಪಿಡಿಎಫ್ ಕಿರಿದುಗೊಳಿಸುವ ಜಾಲತಾಣವೊಂದಕ್ಕೆ ನಕ್ಷೆಯೊಂದನ್ನು ಹಾಕಿದಾಗ ಗಾತ್ರವೇನೋ ಇಳಿಯಿತು, ಆದರೆ ಕೋಣೆಗಳ ಅಳತೆಯ ಅಂಕಿಗಳು ಕಲಸಿಹೋದವು. ಬೆಂಗಳೂರಿನಲ್ಲಿರುವ ಮೈದುನನಿಗೂ ಮನೆ ದುರಸ್ತಿ ನೋಡಿಕೊಳ್ಳುವ ಎಂಜಿನಿಯರಿಗೂ ಇವನ್ನು ಕಳುಹಿಸಬೇಕಾಗಿದೆ. ನಮ್ಮೂರಿನಲ್ಲಿ ಮೊಬೈಲ್ ನೆಟ್‌ವರ್ಕೇ ಗತಿ, ಮಳೆ ಜೋರಾದರೆ ಅದೂ ಇರುವುದಿಲ್ಲ. ಗೆರೆಗಳ ಸ್ಪಷ್ಟತೆ ಕೆಡದಂತೆ ಗಾತ್ರವನ್ನು ಇಳಿಸುವ ದಾರಿಯನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ದುರ್ಗಿಗುಡಿಯವ (ಶಿವಮೊಗ್ಗ) ಅವರ ಉತ್ತರ:

ನಿಮ್ಮ ಫೈಲುಗಳ ತೂಕದಲ್ಲಿ ಬಹುಪಾಲು ಚಿತ್ರದ್ದಲ್ಲ, ಕಾಗದದ್ದು. ಕಾಗದದ ನಾರು, ಹಳದಿ ಛಾಯೆ, ಹಿಂಬದಿಯಿಂದ ಇಣುಕುವ ಗೆರೆಗಳು, ಗಾಜಿನ ಮೇಲಿನ ಧೂಳು ಇವೆಲ್ಲವನ್ನೂ ಸ್ಕ್ಯಾನರ್ ಗೆರೆಯಷ್ಟೇ ನಿಷ್ಠೆಯಿಂದ ದಾಖಲಿಸುತ್ತದೆ. ಇದನ್ನು ಮೊದಲು ಮನಸ್ಸಿಗೆ ತಂದುಕೊಂಡರೆ ಮುಂದಿನದೆಲ್ಲ ಸುಲಭ.

ಲೆಕ್ಕ ಹೀಗಿದೆ. ಎ4 ಹಾಳೆಯನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ 2480 ಅಡ್ಡ, 3508 ಉದ್ದ, ಒಟ್ಟು ಸುಮಾರು 87 ಲಕ್ಷ ಪಿಕ್ಸೆಲ್‌ಗಳಾಗುತ್ತವೆ. ಕಲರ್‌ನಲ್ಲಿ ಒಂದು ಪಿಕ್ಸೆಲ್‌ಗೆ ಮೂರು ಬೈಟ್ ಬೇಕಾದ್ದರಿಂದ ಸಂಕುಚಿತಗೊಳಿಸುವ ಮೊದಲು ಸುಮಾರು 26 ಎಂಬಿ, ಗ್ರೇಸ್ಕೇಲ್‌ನಲ್ಲಿ (ಬರೀ ಬೂದುಛಾಯೆಗಳಲ್ಲಿ) ಒಂದೇ ಬೈಟ್ ಆದ್ದರಿಂದ 8.7 ಎಂಬಿ, ಅಪ್ಪಟ ಕಪ್ಪು-ಬಿಳುಪಿನಲ್ಲಿ ಒಂದೇ ಬಿಟ್ ಆದ್ದರಿಂದ 1.1 ಎಂಬಿಯಷ್ಟಾಗುತ್ತದೆ. 600 ಡಿಪಿಐಗೆ ಹೋದರೆ ಅಗಲವೂ ಎತ್ತರವೂ ಇಮ್ಮಡಿಯಾಗುವುದರಿಂದ ಪ್ರತಿಯೊಂದೂ ನಾಲ್ಕು ಪಟ್ಟಾಗಿ, ಕಲರ್ ಫೈಲು 104 ಎಂಬಿ ಮುಟ್ಟುತ್ತದೆ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ: 600 ಡಿಪಿಐಯ ಕಪ್ಪು-ಬಿಳುಪು ಚಿತ್ರ 4.4 ಎಂಬಿ, ಅಂದರೆ 300 ಡಿಪಿಐಯ ಗ್ರೇಸ್ಕೇಲ್ ಚಿತ್ರದ ಅರ್ಧ ಮಾತ್ರ. ಆದ್ದರಿಂದ ಗಾತ್ರ ಇಳಿಸಲು ಡಿಪಿಐಯನ್ನೇ ಮೊದಲು ಕಡಿಮೆ ಮಾಡಬೇಕೆಂಬ ನಿಯಮವೇನೂ ಇಲ್ಲ.

ನಿಮ್ಮ ಇಂಡಿಯನ್ ಇಂಕಿನ ಚಿತ್ರಗಳಿಗೆ ಇದೇ ದಾರಿ ಸರಿ. ಆದರೆ ಸ್ಕ್ಯಾನರಿನಲ್ಲೇ ಕಪ್ಪು-ಬಿಳುಪು ಎಂದು ಆಯ್ಕೆ ಮಾಡಬೇಡಿ. ಎಲ್ಲಿ ಕಪ್ಪು, ಎಲ್ಲಿ ಬಿಳುಪು ಎಂಬ ತೀರ್ಮಾನವನ್ನು ಅದು ತನಗೆ ತೋಚಿದಂತೆ ಮಾಡಿ ಸಣ್ಣ ಗೆರೆಗಳನ್ನು ತುಂಡರಿಸಿಬಿಡುತ್ತದೆ. 600 ಡಿಪಿಐ ಗ್ರೇಸ್ಕೇಲ್‌ನಲ್ಲಿ ಸ್ಕ್ಯಾನ್ ಮಾಡಿ, ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ ತೆರೆದು, ಥ್ರೆಶೋಲ್ಡ್ (ಕಪ್ಪು-ಬಿಳುಪುಗಳ ನಡುವಿನ ಗಡಿ) ಎಂಬ ಆಯ್ಕೆಯಲ್ಲಿ ಗಂಡಭೇರುಂಡದ ಗರಿಯ ಅತ್ಯಂತ ತೆಳ್ಳಗಿನ ಗೆರೆಯ ಮೇಲೆ ಕಣ್ಣಿಟ್ಟುಕೊಂಡು ಗುರುತನ್ನು ಸರಿಸುತ್ತ, ಆ ಗೆರೆ ಕಡಿಯದೆ ಉಳಿಯುವ ಮತ್ತು ಕಾಗದದ ಚುಕ್ಕೆಗಳು ಮಾಯವಾಗುವ ಜಾಗದಲ್ಲಿ ನಿಲ್ಲಿಸಿ. ಅನಂತರ ಬಣ್ಣಗಳ ಸಂಖ್ಯೆಯನ್ನು ಮಿತಗೊಳಿಸುವ ಇಂಡೆಕ್ಸ್ಡ್ ಮೋಡಿಗೆ ಹೋಗಿ ಒಂದು ಬಿಟ್‌ನ (ಕಪ್ಪು, ಬಿಳಿ ಎರಡೇ ಬಣ್ಣದ) ಪ್ಯಾಲೆಟ್ ಆರಿಸಿ ಪಿಎನ್‌ಜಿಯಾಗಿಯೋ, ಫ್ಯಾಕ್ಸ್ ಯಂತ್ರಗಳ ಕಾಲದಿಂದ ಬಂದಿರುವ ಗ್ರೂಪ್ 4 ಸಂಕೋಚನದ ಟಿಫ್ ಆಗಿಯೋ ಉಳಿಸಿ. ಸಾಧಾರಣ ಗೆರೆಚಿತ್ರವೊಂದು ಕೆಲವು ನೂರು ಕೆಬಿಯೊಳಗೆ ಬರುತ್ತದೆ, ಅದೂ ಒಂದು ಪಿಕ್ಸೆಲ್ ಕೂಡ ಕಳೆದುಕೊಳ್ಳದೆ. ಡಿದರಿಂಗ್ ಎಂಬ ಆಯ್ಕೆ ಇದ್ದರೆ ಅದನ್ನು ತೆಗೆದುಹಾಕಿ, ಏಕೆಂದರೆ ಅದು ಬೂದು ಬಣ್ಣವನ್ನು ಚುಕ್ಕೆಗಳಾಗಿ ಚೆಲ್ಲಿ ಗಾತ್ರವನ್ನು ಮತ್ತೆ ಏರಿಸುತ್ತದೆ.

ಪೆನ್ಸಿಲ್ ಚಿತ್ರಗಳಿಗೆ ಈ ಉಪಾಯ ನಡೆಯದು, ಶೇಡಿಂಗ್ ಎಲ್ಲ ಹೋಗಿಬಿಡುತ್ತದೆ. ಅವಕ್ಕೆ 300 ಡಿಪಿಐ ಗ್ರೇಸ್ಕೇಲ್ ಸಾಕು. ಮೊದಲು ಗಿಂಪಿನ ಲೆವೆಲ್ಸ್ ತೆರೆಯಿರಿ. ಅಲ್ಲಿ ಕಪ್ಪಿನಿಂದ ಬಿಳಿಯವರೆಗೆ ಯಾವ ಛಾಯೆ ಎಷ್ಟಿದೆ ಎಂದು ತೋರಿಸುವ ಆಲೇಖದ ಬಲತುದಿಯಲ್ಲಿ ಕಾಣುವ ಎತ್ತರದ ದಿಬ್ಬವೇ ನಿಮ್ಮ ಕಾಗದ. ಬಿಳಿಯ ಗುರುತನ್ನು ಆ ದಿಬ್ಬದ ನೆತ್ತಿಯವರೆಗೆ ತಂದರೆ ಕಾಗದದ ನಾರಿನಲ್ಲಿ ಅರ್ಧದಷ್ಟು ಅಪ್ಪಟ ಬಿಳಿಯಾಗುತ್ತದೆ. ಶಾಯಿಯ ಚಿತ್ರವಾಗಿದ್ದರೆ ದಿಬ್ಬದ ಎಡಬುಡದವರೆಗೂ ಧೈರ್ಯವಾಗಿ ಎಳೆಯಬಹುದಿತ್ತು, ಆದರೆ ಪೆನ್ಸಿಲ್ಲಿನ ಅತಿ ತಿಳಿಯಾದ ಛಾಯೆ ವಾಸಿಸುವುದು ಅಲ್ಲಿಯೇ. ಆಮೇಲೆ ಜೆಪೆಗ್ ಆಗಿ 80ರಿಂದ 85ರ ಗುಣಮಟ್ಟದಲ್ಲಿ ಉಳಿಸಿ. 100 ಎಂದು ಇಟ್ಟರೆ ಕಣ್ಣಿಗೆ ಕಾಣದ ವ್ಯತ್ಯಾಸಕ್ಕಾಗಿ ಫೈಲು ಎಷ್ಟೋ ಪಟ್ಟು ಹಿಗ್ಗುತ್ತದೆ.

ಹಾಗೆಂದು ಶಾಯಿಯ ಚಿತ್ರಗಳನ್ನು ಜೆಪೆಗ್ ಮಾಡಬೇಡಿ. ಜೆಪೆಗ್ ಚಿತ್ರವನ್ನು ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದೊಳಗಿನ ಏರಿಳಿತವನ್ನು ಅಲೆಗಳಾಗಿ ಬರೆದುಕೊಂಡು, ಕಣ್ಣಿಗೆ ಮುಖ್ಯವಲ್ಲವೆಂದು ಅದು ಎಣಿಸಿದ ಸೂಕ್ಷ್ಮ ಅಲೆಗಳನ್ನು ಕೈಬಿಡುತ್ತದೆ. ಮುಖ, ಮೋಡ, ಮರಗಳ ಫೋಟೋಗೆ ಇದು ಒಪ್ಪುತ್ತದೆ. ಬಿಳಿಯ ಪಕ್ಕದಲ್ಲೇ ಗಾಢ ಕಪ್ಪು ಬಂದಾಗ ಮಾತ್ರ ಗೆರೆಯ ಸುತ್ತ ನುಸಿ ಮುತ್ತಿದಂತೆ ಬೂದು ಚುಕ್ಕೆಗಳು ಏಳುತ್ತವೆ. ನಿಮ್ಮ ನಕ್ಷೆಯ ಅಂಕಿಗಳು ಕಲಸಿಹೋದುದರಲ್ಲಿ ಇದರ ಪಾಲೂ ಇರಬಹುದು.

ಜಿಪ್ ಏಕೆ ಕೆಲಸ ಮಾಡಲಿಲ್ಲವೆಂದರೆ, ಪಿಡಿಎಫ್ ಎಂಬುದು ಹೊದಿಕೆ ಮಾತ್ರ, ಒಳಗಿರುವುದು ಸಾಮಾನ್ಯವಾಗಿ ಈಗಾಗಲೇ ಹಿಂಡಿದ ಜೆಪೆಗ್ ಚಿತ್ರವೇ. ಹಿಂಡಿದ್ದನ್ನು ಮತ್ತೆ ಹಿಂಡಿದರೆ ಏನೂ ಬರುವುದಿಲ್ಲ.

ಕೊಪ್ಪದ ಕಾಫಿಗಿಡ ಅವರ ಉತ್ತರ:

ಇಷ್ಟೆಲ್ಲ ತಲೆಬಿಸಿ ಏಕೆಂದು ನನಗೆ ತಿಳಿಯುವುದಿಲ್ಲ. ಈಗಿನ ಮೊಬೈಲುಗಳಲ್ಲಿ ಹಾಳೆಯ ಅಂಚನ್ನು ತಾನೇ ಗುರುತಿಸಿ ನೇರಗೊಳಿಸುವ ಸ್ಕ್ಯಾನ್ ಆ್ಯಪ್‌ಗಳಿವೆ. ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಗಾತ್ರವನ್ನು ಅದೇ ಇಳಿಸಿಕೊಳ್ಳುತ್ತದೆ.

ತುಂಗೆಯ ದಡ (ತೀರ್ಥಹಳ್ಳಿ) ಅವರ ಉತ್ತರ:

ಕೊಪ್ಪದವರ ಸಲಹೆ ಬರಿದೇ ನೋಡುವುದಕ್ಕಾದರೆ ಸರಿಯೇ. 12 ಮೆಗಾಪಿಕ್ಸೆಲ್ ಕ್ಯಾಮೆರಾ ಎ4 ಹಾಳೆಯನ್ನು ಪೂರ್ತಿ ತುಂಬಿಕೊಂಡರೆ ಲೆಕ್ಕಕ್ಕೆ 300 ಡಿಪಿಐಗಿಂತ ಹೆಚ್ಚೇ ಸಿಗುತ್ತದೆ. ಆದರೆ ಲೆನ್ಸಿನ ಬಾಗು ಹಾಗೂ ಕೈಯ ಓರೆಯಿಂದಾಗಿ ಚಿತ್ರದ ಒಂದು ಬದಿಯ ಅಳತೆ ಇನ್ನೊಂದು ಬದಿಗೆ ಹೊಂದುವುದಿಲ್ಲ. ತೊಟ್ಟಿಮನೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಮುಂಡಿಗೆಯಿಂದ ಮುಂಡಿಗೆಗೆ (ಕಂಬದಿಂದ ಕಂಬಕ್ಕೆ) ಅಂತರ ಓದಬೇಕಾದ ಎಂಜಿನಿಯರಿಗೆ ಅದು ಉಪಯೋಗಕ್ಕೆ ಬಾರದು. ಮೇಲಾಗಿ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಪಿಕ್ಸೆಲ್‌ಗಳನ್ನೇ ಕಡಿಮೆ ಮಾಡುತ್ತದೆ. ಕಳುಹಿಸಲೇಬೇಕಾದರೆ ಡಾಕ್ಯುಮೆಂಟ್ ಎಂಬ ಆಯ್ಕೆಯಿಂದ ಕಳುಹಿಸಬೇಕು.

ಈಗ ಅಮೋನಿಯಾ ಪ್ರಿಂಟಿನ ವಿಚಾರ. ಈ ಬಗೆಯ ಹಳೆಯ ಮನೆಗಳ ನಕ್ಷೆಗಳು ನನ್ನ ಕೈಗೆ ಆಗಾಗ ಬರುತ್ತವೆಯಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಈ ಪ್ರಿಂಟುಗಳಲ್ಲಿ ಗೆರೆ ನೀಲಿ ಅಥವಾ ನೇರಳೆ, ಹಿನ್ನೆಲೆ ಹಳದಿಗಟ್ಟಿದ ಬಿಳಿ. ಇವನ್ನು ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, ಆದರೆ ಕಲರ್‌ನಲ್ಲಿ ಇಟ್ಟುಕೊಳ್ಳಬೇಡಿ. ಗಿಂಪಿನ ಕಲರ್ಸ್ ಮೆನುವಿನಲ್ಲಿ ಕಾಂಪೊನೆಂಟ್ಸ್ ಎಂಬಲ್ಲಿ ಡಿಕಂಪೋಸ್ ಎಂದಿದೆ. ಅದು ಚಿತ್ರವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಬೂದುಚಿತ್ರಗಳಾಗಿ ಬಿಡಿಸುತ್ತದೆ. ಅವುಗಳಲ್ಲಿ ಕೆಂಪಿನದನ್ನು ಮಾತ್ರ ಇಟ್ಟುಕೊಳ್ಳಿ. ನೀಲಿ ಶಾಯಿ ಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ ಗೆರೆಗಳು ಅಲ್ಲಿ ಗಾಢವಾಗಿ ಕಾಣುತ್ತವೆ. ಹಳದಿ-ಕಂದು ಕಲೆಗಳು ಕೆಂಪು ಬೆಳಕನ್ನು ಬಹುಪಾಲು ಹಿಂದಕ್ಕೆ ಕಳುಹಿಸುವುದರಿಂದ ಹೆಚ್ಚುಕಡಿಮೆ ಬಿಳಿಯಾಗಿಬಿಡುತ್ತವೆ. ಒಂದೇ ಹೆಜ್ಜೆಯಲ್ಲಿ ಗೆರೆ ಮೇಲೆದ್ದು ಕಲೆ ಕೆಳಗಿಳಿಯುತ್ತದೆ. ಆ ಬಳಿಕ ದುರ್ಗಿಗುಡಿಯವರು ಹೇಳಿದ ಥ್ರೆಶೋಲ್ಡ್ ಹಾಕಿದರೆ ಕಾಗದದ ನಾರು, ಚುಕ್ಕೆಗಳ ಗದ್ದಲವೆಲ್ಲ ಹೋಗುತ್ತದೆ.

ರೆಸಲ್ಯೂಷನ್ನಿನ ಬಗ್ಗೆ ಹೇಳುವುದಾದರೆ, ನಕ್ಷೆಯಲ್ಲಿ ಕಾಲು ಮಿಲಿಮೀಟರಿನ ಪೆನ್ನಿನ ಗೆರೆ 300 ಡಿಪಿಐಯಲ್ಲಿ ಸುಮಾರು ಮೂರು ಪಿಕ್ಸೆಲ್ ದಪ್ಪ ಬರುತ್ತದೆ, 150ರಲ್ಲಿ ಒಂದೂವರೆ. ಎರಡು ಮಿಲಿಮೀಟರ್ ಎತ್ತರದ ಅಂಕಿಗೆ 150 ಡಿಪಿಐಯಲ್ಲಿ ಹನ್ನೆರಡೇ ಪಿಕ್ಸೆಲ್ ಸಿಗುವುದರಿಂದ 3, 6, 8ಗಳ ವ್ಯತ್ಯಾಸ ಅನುಮಾನಕ್ಕೆ ಎಡೆಮಾಡುತ್ತದೆ. ಪಿಡಿಎಫ್ ಕಿರಿದುಗೊಳಿಸುವ ಅನೇಕ ಸಾಧನಗಳು ಮಾಡುವುದು ಇದನ್ನೇ. ಪಿಡಿಎಫ್ ಸಂಸ್ಕರಿಸುವ ಘೋಸ್ಟ್‌ಸ್ಕ್ರಿಪ್ಟ್ ತಂತ್ರಾಂಶದ ಇಬುಕ್ ಎಂಬ ಸಿದ್ಧ ಮಾದರಿ ಚಿತ್ರಗಳನ್ನು 150 ಡಿಪಿಐಗೆ, ಸ್ಕ್ರೀನ್ ಎಂಬುದು 72ಕ್ಕೆ ಇಳಿಸುತ್ತದೆ. ಅಳತೆಯ ನಕ್ಷೆಯನ್ನು 300ಕ್ಕಿಂತ ಕೆಳಗೆ ತರಬೇಡಿ. ಅಲ್ಲದೆ ಆಸ್ತಿಗೆ ಸಂಬಂಧಿಸಿದ ನಕ್ಷೆಯನ್ನು ಗೊತ್ತಿಲ್ಲದ ಜಾಲತಾಣಕ್ಕೆ ಏರಿಸುವುದು ನನಗಂತೂ ಒಪ್ಪಿಗೆಯಾಗುವ ಮಾತಲ್ಲ.

ಇನ್ನೊಂದು ಎಚ್ಚರಿಕೆ. ಕಪ್ಪು-ಬಿಳುಪು ಪುಟಗಳಿಗೆ ಜೆಬಿಗ್2 ಎಂಬ ಸಂಕೋಚನವಿದೆ. ಅದರಲ್ಲಿ ಏನನ್ನೂ ಕಳೆಯದ ವಿಧಾನ ಒಂದು, ಕಳೆಯುವ ವಿಧಾನ ಇನ್ನೊಂದು. ಎರಡನೆಯದು ಪುಟದಲ್ಲಿ ಒಂದನ್ನೊಂದು ಹೋಲುವ ಆಕಾರಗಳನ್ನು ಹುಡುಕಿ, ಒಂದರ ಚಿತ್ರವನ್ನೇ ಉಳಿದವುಗಳ ಜಾಗದಲ್ಲೂ ಕೂರಿಸುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಇದರ ಪರಿಣಾಮವನ್ನು ಬಯಲಿಗೆಳೆದರು. ಜೆರಾಕ್ಸ್ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ ಕಟ್ಟಡದ ನಕ್ಷೆಯೊಂದರಲ್ಲಿ 21.11 ಮತ್ತು 17.42 ಚದರ ಮೀಟರ್ ಎಂದಿದ್ದ ಕೋಣೆಗಳೆರಡೂ, ಪಕ್ಕದ ಕೋಣೆಯ 14.13ನ್ನೇ ತಮ್ಮ ವಿಸ್ತೀರ್ಣವೆಂದು ತೋರಿಸುತ್ತಿದ್ದವು. ಅಂಕಿ ಮಸುಕಾಗಿದ್ದರೆ ಓದುವವನಿಗೆ ಸಂಶಯ ಬರುತ್ತದೆ. ಇದು ಸ್ಪಷ್ಟವಾದ, ಆದರೆ ತಪ್ಪಾದ ಅಂಕಿ. ಕಂಪನಿ ಆಮೇಲೆ ತಂತ್ರಾಂಶವನ್ನು ತಿದ್ದಿತು. ನಿಮ್ಮ ತಂತ್ರಾಂಶದಲ್ಲಿ ಜೆಬಿಗ್2 ಆಯ್ಕೆ ಕಂಡರೆ ಲಾಸ್‌ಲೆಸ್ (ಏನನ್ನೂ ಕಳೆಯದ) ಎಂದಿರುವುದನ್ನೇ ಆರಿಸಿ, ಇಲ್ಲವೇ ಗ್ರೂಪ್ 4ರಲ್ಲೇ ಉಳಿಯಿರಿ.

ವರದಾತೀರ (ಸಾಗರ):

ಇಬ್ಬರಿಗೂ ಕೃತಜ್ಞತೆಗಳು. ಇಂಕಿನ ಕಂಬದ ಚಿತ್ರವೊಂದನ್ನು ಹೇಳಿದಂತೆಯೇ ಮಾಡಿ ನೋಡಿದೆ. ಮೊದಲು 24 ಎಂಬಿ ಇದ್ದುದು 180 ಕೆಬಿಗೆ ಇಳಿದಿದೆ, ಹಿಗ್ಗಿಸಿ ನೋಡಿದರೆ ಗೆರೆ ಮೊದಲಿಗಿಂತ ಚೊಕ್ಕಟವಾಗಿಯೇ ಕಾಣುತ್ತಿದೆ. ಎರಡು ಸಂಶಯಗಳು ಉಳಿದಿವೆ. ಮನೆಯ ನಕ್ಷೆಗಳ ಮೇಲೆ ಬಡಗಿಗಳು ಹಿಂದೊಮ್ಮೆ ದುರಸ್ತಿ ಮಾಡುವಾಗ ಕೆಂಪು ಪೆನ್ಸಿಲ್ಲಿನಲ್ಲಿ ತೊಲೆ, ಜಂತಿಗಳ ಅಳತೆ ತಿದ್ದಿದ್ದಾರೆ. ಕೆಂಪಿನ ಬೂದುಚಿತ್ರದಲ್ಲಿ ಆ ತಿದ್ದುಪಡಿಗಳು ಕಾಣುತ್ತಲೇ ಇಲ್ಲ. ಇನ್ನು, ಹಸೆ ಚಿತ್ತಾರದ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಹಿನ್ನೆಲೆಯೇ ಕೆಮ್ಮಣ್ಣು, ಬಿಳಿ ಮಾಡುವಂತಿಲ್ಲ.

ತುಂಗೆಯ ದಡ (ತೀರ್ಥಹಳ್ಳಿ) ಅವರ ಉತ್ತರ:

ಕಾಣದಿರುವುದು ಸಹಜ. ಕಲೆಯನ್ನು ಅಳಿಸಿದ ಕಾರಣವೇ ಕೆಂಪು ಪೆನ್ಸಿಲ್ಲನ್ನೂ ಅಳಿಸುತ್ತದೆ. ಅಂಥ ಹಾಳೆಗಳಿಗೆ ಹಸಿರಿನ ಬೂದುಚಿತ್ರವನ್ನು ತೆಗೆದುಕೊಳ್ಳಿ. ಅಲ್ಲಿ ಕೆಂಪು ಗೆರೆ ಕಪ್ಪಾಗಿ ಕಾಣುತ್ತದೆ, ನೀಲಿ ಗೆರೆಯೂ ಸಾಕಷ್ಟು ಗಾಢವಾಗಿರುತ್ತದೆ, ಕಲೆಗಳು ಮಾತ್ರ ಸ್ವಲ್ಪ ಹೆಚ್ಚು ಉಳಿಯುತ್ತವೆ. ಆದರೆ ಮೂಲ ಅಳತೆ ಯಾವುದು, ಬಡಗಿ ತಿದ್ದಿದ್ದು ಯಾವುದು ಎಂಬುದು ಎಂಜಿನಿಯರಿಗೆ ಬಣ್ಣದಿಂದಲೇ ತಿಳಿಯಬೇಕಾಗಿರುವುದರಿಂದ, ತಿದ್ದುಪಡಿ ಇರುವ ಹಾಳೆಗಳನ್ನು ಬಣ್ಣದಲ್ಲೇ ಇಟ್ಟು, ಲೆವೆಲ್ಸ್‌ನಲ್ಲಿ ಹಿನ್ನೆಲೆಯನ್ನು ಬಿಳಿ ಮಾಡಿ, ಎಂಟೋ ಹದಿನಾರೋ ಬಣ್ಣಗಳ ಪಿಎನ್‌ಜಿ ಮಾಡುವುದು ಲೇಸು. ತಿದ್ದಿಲ್ಲದ ಹಾಳೆಗಳು ಹೇಗೂ ಕಪ್ಪು-ಬಿಳುಪಿನಲ್ಲಿ ಹಗುರವಾಗಿರುತ್ತವೆ.

ದುರ್ಗಿಗುಡಿಯವ (ಶಿವಮೊಗ್ಗ) ಅವರ ಉತ್ತರ:

ಚಿತ್ತಾರಕ್ಕೂ ಅದೇ ಉಪಾಯ. ಚಿತ್ತಾರದಲ್ಲಿ ಬಣ್ಣಗಳೇ ಕೆಲವು: ಕೆಂಪು, ಬಿಳಿ, ಜೊತೆಗೆ ಎಲ್ಲೋ ಒಂದಿಷ್ಟು ಕಪ್ಪು ಮತ್ತು ಹಳದಿ. ಹೀಗಿರುವಾಗ ಒಂದು ಪಿಕ್ಸೆಲ್‌ಗೆ ಮೂರು ಬೈಟ್ ಕೊಡುವುದು ದುಂದು. ಇಂಡೆಕ್ಸ್ಡ್ ಮೋಡಿನಲ್ಲಿ ಹದಿನಾರು ಬಣ್ಣಗಳೆಂದರೆ ಪಿಕ್ಸೆಲ್‌ಗೆ ಅರ್ಧ ಬೈಟ್ ಮಾತ್ರ. ಮುಖ್ಯ ಬಣ್ಣಗಳು ನಾಲ್ಕೇ ಆದರೂ ಗೆರೆಯ ಅಂಚಿನಲ್ಲಿ ಕೆಂಪು-ಬಿಳಿಗಳ ನಡುವಿನ ಛಾಯೆಗಳು ಬೇಕಾಗುವುದರಿಂದ ಹದಿನಾರು ಇರಲಿ, ಇಲ್ಲದಿದ್ದರೆ ಅಂಚುಗಳು ಗರಗಸದಂತೆ ಕಾಣುತ್ತವೆ. ಕೆಮ್ಮಣ್ಣಿನ ತರಿ ಪ್ಯಾಲೆಟ್ಟಿನಲ್ಲೂ ಚುಕ್ಕೆಗಳಾಗಿ ಉಳಿದು ಗಾತ್ರ ಹೆಚ್ಚಿಸುತ್ತಿದ್ದರೆ, ಬಣ್ಣ ಇಳಿಸುವ ಮೊದಲು ಮೀಡಿಯನ್ ಬ್ಲರ್ ಅನ್ನು ಅತ್ಯಂತ ಕಡಿಮೆ ಮಟ್ಟದಲ್ಲಿ ಒಮ್ಮೆ ಹಾಯಿಸಿ. ಗೆರೆಯ ಅಂಚನ್ನು ಅದು ಸಾಮಾನ್ಯ ಬ್ಲರ್‌ನಷ್ಟು ಕೆಡಿಸುವುದಿಲ್ಲ.

ಒಂದು ಭಿನ್ನಮತವನ್ನೂ ದಾಖಲಿಸುತ್ತೇನೆ. ಮಣ್ಣಿನ ತರಿ, ಪುಂಡಿನಾರಿನ ಕುಂಚ ಎಳೆದಾಗ ಬಿಳಿಯಲ್ಲಿ ಮೂಡುವ ಸೀಳುಗಳು ಚಿತ್ತಾರದ ಜೀವವೇ ಹೊರತು ಗದ್ದಲವಲ್ಲ ಎನ್ನುವವರಿದ್ದಾರೆ, ನಾನೂ ಅವರ ಪಕ್ಷ. ಆದ್ದರಿಂದ ಕಳುಹಿಸುವ ಪ್ರತಿ ಹದಿನಾರು ಬಣ್ಣದ್ದಿರಲಿ. ಮನೆಯ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಏನೂ ಮುಟ್ಟದ 300 ಡಿಪಿಐ ಕಲರ್ ಪಿಎನ್‌ಜಿಯನ್ನೋ ಟಿಫ್ ಅನ್ನೋ ಉಳಿಸಿಕೊಳ್ಳಿ. ಇಂಕಿನ ಚಿತ್ರಗಳಿಗೆ ಇಷ್ಟು ಉಪಚಾರ ಬೇಕಿಲ್ಲ.

ಸ್ಕ್ಯಾನ್ ಮಾಡುವಾಗಲೇ ಮಾಡಬಹುದಾದ ಸಣ್ಣಪುಟ್ಟ ಉಳಿತಾಯಗಳೂ ಇವೆ. ಪ್ರಿವ್ಯೂ ನೋಡಿ ಚಿತ್ರದಷ್ಟನ್ನೇ ಆರಿಸಿಕೊಳ್ಳಿ. ಐದು ಇಂಚು ಅಗಲ, ಏಳು ಇಂಚು ಉದ್ದದ ಚಿತ್ರಕ್ಕೆ ಪೂರ್ತಿ ಎ4 ಗಾಜನ್ನು ಸ್ಕ್ಯಾನ್ ಮಾಡಿದರೆ ಸುಮಾರು ಮೂರನೇ ಎರಡು ಭಾಗ ವ್ಯರ್ಥ. ಸ್ಕ್ಯಾನರಿನ ಶಾರ್ಪನ್ ಆಯ್ಕೆಯನ್ನು ತೆಗೆದುಹಾಕಿ, ಅದು ಕಾಗದದ ನಾರನ್ನೂ ಹರಿತಗೊಳಿಸುತ್ತದೆ. ಹಾಳೆಯ ಎರಡೂ ಬದಿಗೆ ಬರೆದಿದ್ದರೆ ಹಿಂದೆ ಕಪ್ಪು ಕಾಗದ ಇಡಿ, ಹಿಂಬದಿಯ ಗೆರೆ ಇಣುಕುವುದು ಕಡಿಮೆಯಾಗುತ್ತದೆ. ಟ್ರೇಸಿಂಗ್ ಪೇಪರಿಗೆ ಮಾತ್ರ ಬಿಳಿ ಹಾಳೆಯೇ ಆಗಬೇಕು. ಡಬ್ಬದ ಮೇಲೆ 9600 ಅಥವಾ 19200 ಡಿಪಿಐ ಎಂದು ಬರೆದಿರುವುದನ್ನು ನಂಬಿ ಅಷ್ಟಕ್ಕೆ ಏರಿಸಬೇಡಿ. ಆಪ್ಟಿಕಲ್ ಮಿತಿಯ (ಸ್ಕ್ಯಾನರ್ ನಿಜವಾಗಿ ಕಾಣಬಲ್ಲ ಡಿಪಿಐಯ) ಮೇಲಿನದೆಲ್ಲ ತಂತ್ರಾಂಶ ಊಹಿಸಿ ತುಂಬಿದ ಪಿಕ್ಸೆಲ್‌ಗಳು, ಗಾತ್ರ ಹೆಚ್ಚುತ್ತದೆಯೇ ವಿನಾ ಹೊಸ ಗೆರೆಯೇನೂ ಕಾಣಿಸುವುದಿಲ್ಲ.

ಶರಾವತಿ ಹಿನ್ನೀರು (ಹೊಸನಗರ) ಅವರ ಉತ್ತರ:

ಮೇಲಿನವರು ಹೇಳಿದ್ದರಲ್ಲಿ ಮಳೆಗಾಲದ ಮಾತು ಬಿಟ್ಟುಹೋಗಿದೆ, ಅದು ನಮ್ಮ ಕಡೆ ಸಣ್ಣ ಸಂಗತಿಯಲ್ಲ. ಪ್ರಿಂಟರಿನೊಂದಿಗೆ ಬರುವ ಸ್ಕ್ಯಾನರುಗಳು ಹೆಚ್ಚಾಗಿ ಸಿಐಎಸ್ ಬಗೆಯವು. ಅವುಗಳ ಸಂವೇದಕ ಗಾಜಿಗೆ ತೀರ ಹತ್ತಿರ ಓಡುವುದರಿಂದ ಗಾಜಿಗೆ ಅಂಟಿಕೊಂಡ ಭಾಗ ಮಾತ್ರ ಹರಿತವಾಗಿ ಬರುತ್ತದೆ. ಥಂಡಿಗೆ ಅಲೆಯಲೆಯಾಗಿ ಎದ್ದ ಹಾಳೆಯ ಉಬ್ಬು ಗಾಜಿನಿಂದ ಕೆಲವೇ ಮಿಲಿಮೀಟರ್ ದೂರವಿದ್ದರೂ ಅಲ್ಲಿ ಗೆರೆ ಮಸುಕಾಗಿ, ಕೆಳಗೆ ಬೂದು ನೆರಳು ಬೀಳುತ್ತದೆ. ಆ ನೆರಳಿಗೆ ಥ್ರೆಶೋಲ್ಡ್ ಹಾಕಿದರೆ ಕಪ್ಪು ಪಟ್ಟೆಯೇ ಆಗಿಬಿಡುತ್ತದೆ, ಗಾತ್ರವೂ ಏರುತ್ತದೆ. ಹಾಳೆಗಳನ್ನು ಒಣ ಬ್ಲಾಟಿಂಗ್ ಕಾಗದಗಳ ನಡುವೆ ಇಟ್ಟು, ಮೇಲೆ ಹಲಗೆ, ಅದರ ಮೇಲೆ ಭಾರ ಹೇರಿ ಕೆಲವು ದಿನ ಬಿಟ್ಟು ಆಮೇಲೆ ಸ್ಕ್ಯಾನ್ ಮಾಡಿ. ಸ್ಕ್ಯಾನ್ ಮಾಡುವಾಗಲೂ ಮುಚ್ಚಳದ ಮೇಲೆ ಒಂದು ದಪ್ಪ ಪುಸ್ತಕ ಇರಲಿ, ಗಾಜು ಒಡೆಯುವಷ್ಟು ಒತ್ತುವುದು ಬೇಡ.

ಬೇಗ ಒಣಗಲೆಂದು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಬೂಷ್ಟೇನೋ ಬರುವುದಿಲ್ಲ, ಆದರೆ ಹೊಗೆಗೆ ಕಾಗದ ಕಂದಾಗುತ್ತದೆ. ಅಮೋನಿಯಾ ಪ್ರಿಂಟನ್ನಂತೂ ಬಿಸಿಲಿಗೆ ಹರಡಲೇಬಾರದು, ಬೆಳಕಿಗೆ ಅದರ ಗೆರೆ ಬಿಳಚಿಕೊಳ್ಳುತ್ತದೆ. ಬೂಷ್ಟು ಹಿಡಿದ ಹಾಳೆಯನ್ನು ಮೊದಲು ಒಣಗಿಸಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಮೆತ್ತನೆಯ ಕುಂಚದಿಂದ ಕೊಡವಿ, ಆಮೇಲಷ್ಟೇ ಗಾಜಿನ ಮೇಲೆ ಇಡಿ. ಒದ್ದೆ ಇರುವಾಗ ಉಜ್ಜಿದರೆ ಅದು ಕಾಗದದೊಳಗೆ ಇಳಿಯುತ್ತದೆ. ಪೆನ್ಸಿಲ್ ಚಿತ್ರಗಳಿಗೆ ಕುಂಚವನ್ನೂ ಮುಟ್ಟಿಸಬೇಡಿ, ಶೇಡಿಂಗ್ ಹರಡುತ್ತದೆ.

ವರದಾತೀರ (ಸಾಗರ):

ಕೊನೆಯದಾಗಿ ಒಂದು ಪ್ರಶ್ನೆ. ನಕ್ಷೆಗಳಲ್ಲಿ ಕೆಲವು ಎ3 ಗಾತ್ರದವು. ಅವನ್ನು ಎರಡು ಭಾಗವಾಗಿ ಸ್ಕ್ಯಾನ್ ಮಾಡಿದರೆ ಜೋಡಿಸುವುದನ್ನು ಕಪ್ಪು-ಬಿಳುಪು ಮಾಡುವ ಮೊದಲೇ ಮಾಡಬೇಕೇ, ಆಮೇಲೆ ಮಾಡಬೇಕೇ?

ತುಂಗೆಯ ದಡ (ತೀರ್ಥಹಳ್ಳಿ) ಅವರ ಉತ್ತರ:

ಮೊದಲೇ ಜೋಡಿಸಿ. ಜೋಡಿಸುವಾಗ ಒಂದು ಭಾಗವನ್ನು ಚೂರು ತಿರುಗಿಸಬೇಕಾಗಿ ಬರುತ್ತದೆ. ಬೂದುಚಿತ್ರವನ್ನು ತಿರುಗಿಸಿದರೆ ಗೆರೆ ನಯವಾಗಿಯೇ ಉಳಿಯುತ್ತದೆ, ಒಂದು ಬಿಟ್‌ನ ಚಿತ್ರವನ್ನು ತಿರುಗಿಸಿದರೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಎರಡೂ ಭಾಗಗಳಲ್ಲಿ ಸ್ವಲ್ಪವಾದರೂ ಒಂದೇ ಪ್ರದೇಶ ಬರುವಂತೆ ಸ್ಕ್ಯಾನ್ ಮಾಡಿ, ಸ್ಕ್ಯಾನರಿನ ತಾನಾಗಿ ಬೆಳಕು ಸರಿಪಡಿಸುವ ಆಯ್ಕೆಯನ್ನು ತೆಗೆದಿಡಿ. ಇಲ್ಲದಿದ್ದರೆ ಎರಡು ಭಾಗಗಳ ಹಿನ್ನೆಲೆ ಬೇರೆ ಬೇರೆಯಾಗಿ ಥ್ರೆಶೋಲ್ಡ್ ಒಂದೇ ಅಳತೆಗೆ ಹೊಂದುವುದಿಲ್ಲ. ಜೋಡಿಸಿದ ಮೇಲೆ ನಕ್ಷೆಯಲ್ಲಿ ಬರೆದಿರುವ ಒಂದು ಉದ್ದದ ಅಳತೆಯನ್ನು, ಬೆಸುಗೆಯನ್ನು ದಾಟಿ ಹೋಗುವಂಥದ್ದನ್ನು, ಗಿಂಪಿನ ಅಳತೆ ಸಾಧನದಿಂದ ಪರೀಕ್ಷಿಸಿ. ಅದು ತಾಳೆಯಾದರೆ ಗ್ರೂಪ್ 4 ಟಿಫ್ ಮಾಡಿ ಪಿಡಿಎಫ್‌ಗೆ ಸೇರಿಸಿ ಕಳುಹಿಸಬಹುದು.